ಮೂರು ತಾಲೂಕಿನ ಒಪ್ಪಂದ

"ಇದೆಂತ ಮಾರಾಯ್ರೆ, ಗ್ಯಾಸ್ ಸಿಲಿಂಡರು ಬಸ್ಸಲ್ಲಿ ತಗಂಡು ಹೋಗೂಕೆ ಆಗೂದಿಲ್ಲ, ರೂಲ್ಸ್ ಇದೆ," ಎಂದು ಕಂಡಕ್ಟರು ಬೂಟಿನ ತುದಿಯಿಂದ ಸಿಲಿಂಡರನ್ನು ತಟ್ಟಿದಾಗ ನಾಗಪತಿಗೆ ಸಿಟ್ಟು ಬರುವ ಬದಲು ನಗು ಬಂದುಬಿಟ್ಟಿತು. ರೂಲ್ಸು! ವರ್ಷದಿಂದೀಚೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ರೂಲ್ಸು ರೂಲ್ಸು ಎಂದು ಗಂಟಲು ಹರಿದುಕೊಂಡವನು ತಾನೇ. ಈಗ ಸಿರ್ಸಿ ಬಸ್‌ಸ್ಟ್ಯಾಂಡಿನ ಏಪ್ರಿಲ್ ಬಿಸಿಲಿನಲ್ಲಿ, ಹುಬ್ಬಳ್ಳಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಎಡಗೈಯಲ್ಲಿ ಹೊಲಿಗೆ ಮಷೀನಿನಷ್ಟು ಭಾರದ ಪೆಟ್ಟಿಗೆ ಹಿಡಿದು, "ಇದು ಉರಿಯೂ ಗ್ಯಾಸಲ್ಲ ಮಾರಾಯ್ರೆ, ಫ್ರಿಜ್ಜಿಂದು, ಬೆಂಕಿಕಡ್ಡಿ ಗೀರಿದರೂ ಹತ್ತೂದಿಲ್ಲ, ಇದೊಂದು ಸಲ ಬಿಟ್ಟುಬಿಡಿ," ಎಂದು ಹಲ್ಲು ಗಿಂಜುತ್ತಿರುವವನೂ ತಾನೇ. ಕಂಡಕ್ಟರು, "ನಿಮಗೊಬ್ಬರಿಗೆ ಬಿಟ್ಟರೆ ನಾಳೆ ಇನ್ನೊಬ್ಬರು ಬರ್ತಾರೆ," ಎಂದ. ಇದೇ ಮಾತನ್ನು ಇದೇ ದನಿಯಲ್ಲಿ ಫ್ರಿಜ್ಜಿನ ಗ್ಯಾಸನ್ನು ಗಾಳಿಗೆ ಬಿಡಿ ಎಂದ ಗಿರಾಕಿಗಳಿಗೆ ತಾನು ಹೇಳಿದ್ದು ನೆನಪಾಗಿ ನಾಗಪತಿಯ ಕಿವಿ ಬಿಸಿಯಾಯಿತು. ಹಿಂದಿನವರು ನೂಕತೊಡಗಿದರು. ಯಾರೋ, "ಹೋಯ್, ಹತ್ತೂದಾದರೆ ಹತ್ತಿ, ಇಳಿಯೂದಾದರೆ ಇಳೀರಿ," ಎಂದರು. ಕೊನೆಗೆ ಕಂಡಕ್ಟರು ಬೇಸತ್ತು ಲಗೇಜು ಟಿಕೇಟು ಹರಿದುಕೊಟ್ಟು, ಸಿಲಿಂಡರನ್ನು ಹಿಂದಿನ ಸೀಟಿನ ಕೆಳಗೆ ತಳ್ಳಿ, "ಏನಾದರೂ ಆದರೆ ನನ್ನ ಹೆಸರು ಎತ್ತಬೇಡಿ," ಎಂದ. ಗೆದ್ದ ಹಾಗಾಯಿತು. ಗೆದ್ದದ್ದಕ್ಕೇ ನಾಗಪತಿಗೆ ನಾಚಿಕೆಯಾಯಿತು.

ಬಸ್ಸು ಹೊರಟ ಮೇಲೆ ಅವನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಕೆಯನ್ನು ಸವರುತ್ತ ಕೂತ. ಹಳೆಯ ಫ್ರಿಜ್ಜಿನ ಹೊಟ್ಟೆಯಲ್ಲಿರುವ ಗ್ಯಾಸನ್ನು ಗಾಳಿಗೆ ಬಿಡದೆ ಎಳೆದು ಸಿಲಿಂಡರಿಗೆ ತುಂಬುವ ಯಂತ್ರ. ಹುಬ್ಬಳ್ಳಿಯಲ್ಲಿ ಫ್ರಿಜ್ಜು ರಿಪೇರಿಯವರಿಗೆ ನಡೆದ ತರಬೇತಿಯಲ್ಲಿ ಮೂರು ತಾಲೂಕಿಗೆ ಒಂದೇ ಎಂದು ಕೊಟ್ಟಿದ್ದರು. ಕೊಡುವಾಗ "ಯಾರು ಜವಾಬ್ದಾರಿ?" ಎಂದು ಕೇಳಿದ್ದಕ್ಕೆ ಮತ್ತಿಘಟ್ಟದ ನಾಗಪತಿ ಭಟ್ಟ ಎದ್ದು ನಿಂತಿದ್ದ. ಇವತ್ತು ಅದೇ ನಾಗಪತಿ ಭಟ್ಟ ಅದನ್ನು ವಾಪಸು ಕೊಡಲು ಹೊರಟಿದ್ದಾನೆ. ಬೆಳಿಗ್ಗೆ ಹೆಂಡತಿ ಪರಿಮಳಾ ದೋಸೆ ಹಾಕುತ್ತಿದ್ದವಳು ಸಟ್ಟುಗ ಹಿಡಿದೇ ಬಾಗಿಲಿಗೆ ಬಂದು, "ಎಂತಕ್ಕೆ ಈ ಪೆಟ್ಗೆ ಹೊತ್ಕಂಡು ಹೊಂಟಿದ್ದು?" ಎಂದಳು. "ಕೊಟ್ಟು ಬತ್ತೆ. ನಂಗೆ ಸಾಕಾತು." ದೋಸೆ ಸೀಯುವ ವಾಸನೆ ಬಂದಾಗ ಅವಳು ತಿರುಗಿ ಹೋಗುತ್ತ, "ಕೊಟ್ರೆ ಜನ ಸುಮ್ನಿರ್ತ್ವ? ಮನೆಮನೆ ಗ್ಯಾಸು ಕದ್ದಿದ್ದು ಹೌದು, ಅದ್ಕೇ ಹೆದ್ರಿ ಕೊಟ್ಟ ಹೇಳ್ತ," ಎಂದಳು. ಅದೂ ನಿಜವೇ. ಇಟ್ಟುಕೊಂಡರೆ ಕಳ್ಳ, ಕೊಟ್ಟರೆ ಸಿಕ್ಕಿಬಿದ್ದ ಕಳ್ಳ. ಸೀದ ದೋಸೆಯನ್ನೇ ತಿಂದು ಬಂದಿದ್ದ, ಅದರ ಕಹಿ ಈಗಲೂ ನಾಲಿಗೆಯ ಮೇಲಿತ್ತು.

ಆ ತರಬೇತಿಯ ದಿನಗಳನ್ನು ನೆನೆದರೆ ಈಗಲೂ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬೆಂಗಳೂರಿನಿಂದ ಬಂದ ಇಂಜಿನಿಯರಮ್ಮ ಗೋಡೆಯ ಮೇಲೆ ಭೂಮಿಯ ಚಿತ್ರ ಹಾಕಿ, ದಕ್ಷಿಣ ತುದಿಯಲ್ಲಿ ನೀಲಿ ಕಲೆ ತೋರಿಸಿದ್ದಳು. ಹಳೆಯ ಫ್ರಿಜ್ಜಿನ ಗ್ಯಾಸು ಮೇಲೆ ಮೇಲೆ ಹೋಗಿ, ಬಿಸಿಲಿನ ವಿಷ ತಡೆಯುವ ಓಝೋನ್ ಪದರವನ್ನು ತಿನ್ನುತ್ತದೆ, ಆ ನೀಲಿ ಕಲೆ ಅದರಲ್ಲಿ ಬಿದ್ದ ತೂತು. ಆದ್ದರಿಂದ ಮಾಂಟ್ರಿಯಲ್ ಎಂಬ ಊರಿನಲ್ಲಿ ದೇಶಗಳೆಲ್ಲ ಕೂತು, ಇದನ್ನು ನಿಲ್ಲಿಸುತ್ತೇವೆಂದು ಸಹಿ ಹಾಕಿವೆ. ನಮ್ಮ ದೇಶವೂ ಹಾಕಿದೆ. ಹಿಂದಿನ ಬೆಂಚಿನಿಂದ ಯಲ್ಲಾಪುರದ ರಿಪೇರಿಯವ ಶಿವಲಿಂಗಪ್ಪ ಕೈ ಎತ್ತಿ, "ಒಂದು ದೇಶ ಮಾತು ಕೇಳಲಿಲ್ಲ ಅಂದ್ರ ಯಾರು ಹಿಡಿತಾರ್ರಿ ಮೇಡಮ್ಮರ? ದೇಶಕ್ಕ ಪೊಲೀಸ್ ಎಲ್ಲಿದಾನ?" ಎಂದು ಕೇಳಿದಾಗ ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಪೊಲೀಸರಿಲ್ಲ, ಪ್ರತಿ ವರ್ಷ ಎಷ್ಟು ಬಳಸಿದೆವೆಂದು ಆಯಾ ದೇಶದವರೇ ಹೇಳಬೇಕು, ತಪ್ಪಿದ್ದರೆ ಎಲ್ಲರ ಎದುರು ಕೂತು ಯಾಕೆ ತಪ್ಪಿತೆಂದು ವಿವರಿಸಬೇಕು, ಹೆಚ್ಚಿನ ಮಟ್ಟಿಗೆ ಅದರಿಂದಲೇ ನಡೆಯುತ್ತಿದೆ ಎಂದಳು. ಆಮೇಲೆ, "ದೇಶ ಸಹಿ ಹಾಕಿದೆ, ಆದರೆ ದೇಶದ ಕೈಯಲ್ಲಿ ಸ್ಪ್ಯಾನರ್ ಇಲ್ಲ. ಸ್ಪ್ಯಾನರ್ ಇರೋದು ನಿಮ್ಮ ಕೈಯಲ್ಲಿ," ಎಂದಳು. ನಾಗಪತಿ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯ ಎಣ್ಣೆ ಜಿಡ್ಡು, ಹೆಬ್ಬೆರಳಿನ ಸುಟ್ಟ ಗಾಯ. ಭಟ್ಟರ ಮಗ ಪಂಚಪಾತ್ರೆ ಹಿಡಿಯುವ ಕೈಯಲ್ಲಿ ಕಂಡವರ ಮನೆಯ ಫ್ರಿಜ್ಜು ಕೆರೆಯುತ್ತಾನೆ ಎಂದು ಮದುವೆ ಮನೆಗಳಲ್ಲಿ ನೀರಿಳಿಸಿಕೊಂಡ ಕೈ. ಆ ಕೈಯಿಂದ ಒಂದು ದೇಶ ತನ್ನ ಮಾತು ಉಳಿಸಿಕೊಳ್ಳಬೇಕೆಂದರೆ! ಅವತ್ತು ಹುಬ್ಬಳ್ಳಿಯ ಖಾನಾವಳಿಯಲ್ಲಿ ಅವನಿಗೆ ಒಂದು ರೊಟ್ಟಿ ಹೆಚ್ಚೇ ಇಳಿಯಿತು.

ಬಸ್ಸಿನ ಕಿಟಕಿ ಗಡಗಡ ಎನ್ನುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಮಡಿಲಿನ ಚೀಲದಿಂದ ಹಲಸಿನ ಹಪ್ಪಳದ ಕಟ್ಟು ಜಾರದಂತೆ ಹಿಡಿದುಕೊಂಡು ತೂಕಡಿಸುತ್ತಿದ್ದಳು. ತರಬೇತಿ ಮುಗಿಸಿ ಬಂದು ಒಪ್ಪಂದ ಮಾಡಿಕೊಂಡಾಗ ತಾವು ಮೂವರೂ ಮೂರು ದೇಶಗಳ ಹಾಗೇ ಇದ್ದೆವಲ್ಲ ಎಂದು ನೆನೆದು ನಾಗಪತಿ ಒಳಗೇ ನಕ್ಕ. ಸಿರ್ಸಿಯ ಹೋಟೆಲಿನ ಒಳಕೋಣೆಯಲ್ಲಿ, ಮಧ್ಯೆ ಅವಲಕ್ಕಿಯ ತಟ್ಟೆ ಇಟ್ಟುಕೊಂಡು, ಸಿರ್ಸಿಗೆ ನಾಗಪತಿ, ಸಿದ್ದಾಪುರಕ್ಕೆ ಕೆರಿಯಪ್ಪ, ಯಲ್ಲಾಪುರಕ್ಕೆ ಶಿವಲಿಂಗಪ್ಪ. ಗ್ಯಾಸು ಯಾರೂ ಗಾಳಿಗೆ ಬಿಡಬಾರದು. ಯಂತ್ರ ಸರದಿಯ ಮೇಲೆ ತಿರುಗಬೇಕು. ಬಿಟ್ಟವನು ತಿಂಗಳ ಸಭೆಯಲ್ಲಿ ತಾನೇ ಹೇಳಬೇಕು, ದಂಡ ಗಿಂಡ ಏನೂ ಇಲ್ಲ. ಕೊನೆಯದನ್ನು ಸೇರಿಸಿದವನು ನಾಗಪತಿ. ಮಾಂಟ್ರಿಯಲ್ಲಿನ ಹಾಗೇ ಇರಲಿ ಎಂದಿದ್ದ, ತಾನು ಅಲ್ಲಿ ಹೋಗಿ ಬಂದವನ ಧಾಟಿಯಲ್ಲಿ. ಒಪ್ಪಿದ್ದಕ್ಕೆ ಮೂವರೂ ಎಲೆಯಡಿಕೆಯ ಕವಳ ಹಾಕಿದರು. ಮೊದಲ ತಿಂಗಳೇ ಕೆರಿಯಪ್ಪ ಯಂತ್ರವನ್ನು ತಂದು ಮೇಜಿನ ಮೇಲೆ ಕುಕ್ಕಿ, "ಎಂತ ಮಾಡದು ಭಟ್ರೆ, ಇದನ್ನ ಹೊತ್ಕಂಡು ನಿಲ್ಕುಂದದ ಗುಡ್ಡ ಹತ್ತೂಕೆ ನಂಗೆ ಇನ್ನೊಂದು ಜನ್ಮ ಬೇಕು," ಎಂದ. ಹಾಗೆ ಹೇಳಿದರೂ ಆಮೇಲೆ ಯಾರದೋ ಬೈಕಿಗೆ ಕಟ್ಟಿಕೊಂಡು ಹೋಗುತ್ತಿದ್ದ, ಪಾಪ. ಶಿವಲಿಂಗಪ್ಪನ ದಾರಿಯೇ ಬೇರೆ. ಪ್ರತಿ ಸಭೆಯಲ್ಲಿ ಮೀಸೆ ಒರೆಸಿಕೊಂಡು, ಮುಚ್ಚುಮರೆ ಇಲ್ಲದೆ, "ನಾ ಬಿಟ್ಟೀನ್ರಿ. ಬಂದ ಎಲ್ಲಾ ಫ್ರಿಜ್ಜಿಂದೂ ಬಿಟ್ಟೀನಿ. ಹೇಳಬೇಕಂತ ಮಾತಾಗಿತ್ತು, ಹೇಳೀನಿ. ಇನ್ನೊಂದು ಚಾ ತರಸ್ರಿ," ಎನ್ನುತ್ತಿದ್ದ. ಒಪ್ಪಂದವನ್ನು ಅಕ್ಷರಶಃ ಪಾಲಿಸಿಯೇ ಒಪ್ಪಂದ ಮುರಿಯುವ ಈ ಗಂಡಸಿಗೆ ಏನು ಹೇಳುವುದು? ನಾಗಪತಿ ಪ್ರತಿ ಸಲವೂ ಚಹಾ ತರಿಸಿದ. ಬೈಯಲು ಬಾಯಿ ಬರಲಿಲ್ಲ. ಬೈದರೆ ಅವನು ಬರುವುದನ್ನೇ ಬಿಟ್ಟಾನು, ಬರದಿದ್ದರೆ ಮೂರರಲ್ಲಿ ಒಂದು ಕಳಚಿ ಹೋಗುತ್ತದೆ ಎಂದು ಸುಮ್ಮನಿದ್ದ. ಅದನ್ನು ತನ್ನ ದೌರ್ಬಲ್ಯ ಎಂದುಕೊಂಡು ಮನೆಗೆ ಹೋಗಿ ಮಲಗುತ್ತಿದ್ದ.

ಶಿವಲಿಂಗಪ್ಪನದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಆ ಉಸ್ ಎಂಬ ಸದ್ದು. ಫ್ರಿಜ್ಜಿನ ಕೊಳವೆ ಕತ್ತರಿಸಿದ ಕೂಡಲೇ ಹಳೆಯ ಗ್ಯಾಸು ಉಸ್ ಎಂದು ಹೊರಗೆ ಹೋಗುವುದನ್ನು ಈ ಸೀಮೆಯ ಜನ ತಮ್ಮ ಕಿವಿಯಿಂದ ಕೇಳಿ, ಹಾಂ, ಹಳೆಯದು ಹೋಯಿತು, ಇನ್ನು ಹೊಸದು ಹಾಕುತ್ತಾನೆ ಎಂದು ನಂಬಿ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದರು. ಮಕ್ಕಳನ್ನು ಕರೆದು ತೋರಿಸುತ್ತಿದ್ದರು. ಆ ಸದ್ದು ಅವರ ಪಾಲಿಗೆ ರಶೀದಿ. ನಾಗಪತಿಯ ಯಂತ್ರ ಬರೀ ಗುರ್ ಎನ್ನುತ್ತ ಗ್ಯಾಸನ್ನು ಸಿಲಿಂಡರಿಗೆ ಸೇರಿಸಿಬಿಡುತ್ತಿತ್ತು, ಕೇಳುವುದಕ್ಕೆ ಏನೂ ಇಲ್ಲ, ನೋಡುವುದಕ್ಕೆ ಭಟ್ಟರ ಸಿಲಿಂಡರು ತುಂಬಿದ್ದು ಮಾತ್ರ. ಪರಿಮಳನ ಸೋದರಮಾವನ ಮಗ ಸುಜಯನ ಐಸ್‌ಕ್ರೀಮು ಅಂಗಡಿಯಲ್ಲಿ, ಸಂಜೆಯ ಗಿರಾಕಿಗಳು ತುಂಬಿದ ಹೊತ್ತಿನಲ್ಲಿ, ಸುಜಯ ಕೈ ತಟ್ಟಿ, "ಹೋಯ್ ಭಾವ, ನಮ್ಮನೆ ಗ್ಯಾಸೆಲ್ಲ ನಿನ್ನ ಡಬ್ಬಿಗೆ ತುಂಬ್ಕಂಡ್ಯಲ ಮಾರಾಯ! ಇನ್ನು ಯಾರ ಮನೆ ಫ್ರಿಜ್ಜಿಗೆ ಹೋಗ್ತು ಇದು?" ಎಂದ. ಎಲ್ಲರೂ ನಕ್ಕರು. ಭಾವ ಎಂದು ಕರೆದು ಆಡಿದ ಮಾತು, ಅದಕ್ಕೆ ಸಿಟ್ಟು ಮಾಡುವ ಹಾಗಿಲ್ಲ. ಭಾವ ಭಾವಂದಿರು ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಊಟದ ಪಂಕ್ತಿಯಲ್ಲಿ ಕಳ್ಳ ಸುಳ್ಳ ಎಂದು ಕರೆಯಬಹುದು, ನಗಬೇಕು, ನಗದವನಿಗೆ ರಸವಿಲ್ಲ ಎನ್ನುತ್ತಾರೆ. ನಾಗಪತಿಯೂ ನಕ್ಕ. "ನಿನ್ನ ಗ್ಯಾಸಿನಂಗೆ ನಿನ್ನ ಐಸ್‌ಕ್ರೀಮೂ ಹಳತು," ಎಂದು ತಿರುಗಿಸಿಯೂ ಹೇಳಿದ. ಆದರೆ ಆ ನಗುವಿನಿಂದ ಹುಟ್ಟಿದ ಗಾಳಿ ಕಳ್ಳ ಎಂಬ ಹೆಸರು ಸೀದಾ ನಡೆದುಕೊಂಡು ಮಾರುಕಟ್ಟೆಗೆ ಹೋಯಿತು. ಹಾಲಿನ ಡೇರಿಯ ಮುಂದೆ ಒಬ್ಬ, ತರಕಾರಿ ಸಂತೆಯಲ್ಲಿ ಇನ್ನೊಬ್ಬ. ಗಾಳಿ ಕಳ್ಳ ಬಂದ, ಮೂಗು ಮುಚ್ಚಿಕೊಳ್ಳಿ! ಯಾರೂ ಮುಖದ ಮೇಲೆ ಕಳ್ಳ ಎನ್ನಲಿಲ್ಲ. ಅಂದಿದ್ದರೆ ಕತ್ತಿನಪಟ್ಟಿ ಹಿಡಿಯಬಹುದಿತ್ತು. ಎಲ್ಲರೂ ನಗೆಯಾಡಿದರು, ಅಷ್ಟೆ. ಕರೆಯುವ ಮನೆಗಳು ಮಾತ್ರ ಕಡಿಮೆಯಾದವು.

ಅದನ್ನೂ ನುಂಗಿಕೊಂಡಿದ್ದ. ನುಂಗಲಾಗದ್ದು ನಿನ್ನೆಯದು, ಮತ್ತು ನಿನ್ನೆಯದು ಯಾರಿಗೂ ಗೊತ್ತಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಪೆಟ್ಟಿಗೆಯ ಮೂಲೆ ಹೊಟ್ಟೆಗೆ ಒತ್ತಿತು, ಅವನು ಅದನ್ನು ಸರಿಸಲಿಲ್ಲ, ಒತ್ತಲಿ ಎಂದುಕೊಂಡ. ನಿನ್ನೆ ಶ್ರೀವಾಣಿ ಟೀಚರ ಮನೆ. ಅವನಿಗೆ ಐದನೇ ಇಯತ್ತೆಯಲ್ಲಿ ಮಗ್ಗಿ ಕಲಿಸಿದವರು, ಕೂದಲು ಬೆಳ್ಳಗಾಗಿ, ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತು ಕೆಲಸ ನೋಡುತ್ತಿದ್ದರು. ಯಂತ್ರ ಜೋಡಿಸಿ ಇನ್ನೇನು ಶುರುಮಾಡಬೇಕು, ಅವರು ಮೆಲ್ಲಗೆ, "ತಮಾ ನಾಗಪತಿ, ಅದು ಉಸ್ ಹೇಳವು ಅಲ್ದ? ಹಳೇದು ಹೋದ್ದು ನಂಗೆ ಹ್ಯಾಂಗೆ ಗೊತ್ತಪ್ಪದು?" ಎಂದರು. ವ್ಯಂಗ್ಯವಿಲ್ಲ, ಸಂಶಯ ಕೂಡ ಇಲ್ಲವೇನೋ. ಆದರೆ ಅವರ ಕಣ್ಣು ಸಿಲಿಂಡರಿನ ಮೇಲೆ ಒಂದು ಕ್ಷಣ ನಿಂತಿತು. ಮಾರುಕಟ್ಟೆಯ ಮಾತು ಇಲ್ಲಿಗೂ ಬಂದಿದೆ! ಎಲ್ಲರೂ ಕಳ್ಳ ಎನ್ನಲಿ, ಈ ಒಬ್ಬರು ಅನ್ನಬಾರದು ಎಂದು ಅವನ ಜೀವ ಒದ್ದಾಡಿತು. ಆಕಾಶದ ಪದರ, ಹುಬ್ಬಳ್ಳಿ, ಮಾಂಟ್ರಿಯಲ್ ಎಲ್ಲ ವಿವರಿಸಬಹುದಿತ್ತು, ಅವರು ಕೇಳುತ್ತಿದ್ದರು, ತಿಳಿಯುತ್ತಲೂ ಇದ್ದರು. ವಿವರಿಸುವ ಬದಲು ಅವನ ಬೆರಳು ತಾನಾಗಿ ವಾಲ್ವಿನ ತಿರುಪನ್ನು ಸ್ವಲ್ಪ ಸಡಿಲಿಸಿತು. ಉಸ್. ಟೀಚರು ತೃಪ್ತಿಯಿಂದ ತಲೆಯಾಡಿಸಿ ಒಳಗೆ ಹೋಗಿ ಮಜ್ಜಿಗೆ ತಂದರು. ಉಳಿದದ್ದನ್ನು ಯಂತ್ರಕ್ಕೆ ಎಳೆದ, ನಿಜ. ಹೋದದ್ದು ಒಂದು ಉಸಿರಿನಷ್ಟು, ಅದೂ ನಿಜ. ಮಜ್ಜಿಗೆಗೆ ಶುಂಠಿ, ಕರಿಬೇವು ಹಾಕಿದ್ದರು. ಅವನು ಅರ್ಧ ಕುಡಿದು ಲೋಟ ಕೆಳಗಿಟ್ಟ. ಶಿವಲಿಂಗಪ್ಪ ಬಿಡುತ್ತಾನೆ, ಬಿಟ್ಟೆ ಎನ್ನುತ್ತಾನೆ. ನಾನು ಒಳ್ಳೆಯವನೆನಿಸಿಕೊಳ್ಳಲು ಬಿಟ್ಟೆ. ಮೂರು ತಾಲೂಕಿಗೆ ಜವಾಬ್ದಾರ ಎಂದು ಎದ್ದು ನಿಂತವನು! ಸಂಜೆ ಕೆರಿಯಪ್ಪನಿಗೆ ಫೋನು ಮಾಡಿ, ಯಂತ್ರ ವಾಪಸು ಕೊಡುತ್ತೇನೆ, ನನ್ನಿಂದ ಆಗುವುದಿಲ್ಲ ಎಂದ. ಕಾರಣ ಹೇಳಲಿಲ್ಲ. ಕೆರಿಯಪ್ಪ, "ಹಂಗಾರೆ ನಮ್ಮ ಒಪ್ಪಂದ?" ಎಂದ. ಮುಗಿಯಿತು ಎಂದು ನಾಗಪತಿ ಫೋನಿಟ್ಟ.

ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಬಸ್ಸು ನಿಂತಿತು. ಚಾಲಕ ಚಹಾಕ್ಕೆಂದು ಇಳಿದ. ನಾಗಪತಿ ಕಿಟಕಿಯಿಂದ ಸುಮ್ಮನೆ ನೋಡುತ್ತಿದ್ದವನು ರಸ್ತೆಯಾಚೆಯ ಗಿರಿಜವ್ವನ ಸೋಡಾ ಅಂಗಡಿಯ ಮುಂದೆ ಶಿವಲಿಂಗಪ್ಪನ ಕೆಂಪು ಬೈಕನ್ನು ಕಂಡ. ಅಂಗಡಿಯ ಕಟ್ಟೆಯ ಮೇಲೆ ಹಳೆಯ ಫ್ರಿಜ್ಜೊಂದು ಬೆನ್ನು ತೋರಿಸಿ ನಿಂತಿತ್ತು. ಅದರ ಪಕ್ಕದಲ್ಲಿ ಕರ್ರಗೆ ಏನೋ ಉಬ್ಬುತ್ತಿತ್ತು. ನಾಗಪತಿ ಕಣ್ಣು ಕಿರಿದಾಗಿಸಿದ. ಲಾರಿಯ ಟಯರಿನ ಟ್ಯೂಬು. ಫ್ರಿಜ್ಜಿನ ಕೊಳವೆಗೆ ಸೂಜಿ ವಾಲ್ವು ಚುಚ್ಚಿ, ಅಲ್ಲಿಂದ ರಬ್ಬರು ಪೈಪು ಎಳೆದು, ಪೈಪಿನ ಬಾಯಿಯನ್ನು ಟ್ಯೂಬಿನ ಮೂತಿಗೆ ಬಟ್ಟೆ ಸುತ್ತಿ ಬಿಗಿದು, ಶಿವಲಿಂಗಪ್ಪ ಮಂಡಿಯೂರಿ ಕೂತು ಎರಡೂ ಕೈಯಿಂದ ಆ ಕಟ್ಟನ್ನು ಅಮುಕಿ ಹಿಡಿದಿದ್ದ. ಬೆವರು ಮೀಸೆಯ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಗಿರಿಜವ್ವ ಬಾಗಿಲಲ್ಲಿ ನಿಂತು, "ಸತ್ತ ಎಮ್ಮಿ ಹೊಟ್ಟಿ ಊದಿದಂಗ ಊದಾಕತ್ತೈತಲ್ಲೋ ಅದು, ಒಡದ ಹೋದೀತ! ಹೊರಗ ಬಿಟ್ಟು ಕೈ ತೊಳಕೊಳ್ಳೋದ ಬಿಟ್ಟು ಏನಿದು ನಿಂದು ಆಟ?" ಎಂದು ಕೂಗುತ್ತಿದ್ದಳು. ನಾಗಪತಿ ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ಇಳಿದು ರಸ್ತೆ ದಾಟಿದ್ದು ಅವನಿಗೇ ಗೊತ್ತಾಗಲಿಲ್ಲ.

ಅವನನ್ನು ಕಂಡ ಶಿವಲಿಂಗಪ್ಪ ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದ ಹುಡುಗನ ಹಾಗೆ ಕೆಂಪಾದ. "ಅಯ್ಯ, ನೀವ್ ನೋಡಬಾರದಿತ್ತು ಬಿಡ್ರಿ ಭಟ್ರ. ಸುಮ್ನ, ಹಂಗ, ಆಗ್ತೈತೋ ಇಲ್ಲೋ ನೋಡೂಣಂತ," ಎಂದ. ಕೈ ಬಿಡುವ ಹಾಗಿರಲಿಲ್ಲ, ಬಿಟ್ಟರೆ ಎಲ್ಲಾ ಹೋಗುತ್ತಿತ್ತು. ನಾಗಪತಿ ಬಗ್ಗಿ ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿದ. ರಬ್ಬರಿನ ಬಿಸಿ ವಾಸನೆ, ಬಟ್ಟೆಯ ಸಂದಿಯಿಂದ ಸಣ್ಣಗೆ ಸೋರುವ ತಂಪು ಬೆರಳಿಗೆ ತಾಗುತ್ತಿತ್ತು. "ಯಾವಾಗಿಂದ ಇದು?" ಎಂದು ಕೇಳಿದ. "ಇವತ್ತ ಮೊದಲು. ರಾತ್ರಿ ಕೆರಿಯಪ್ಪ ಫೋನ್ ಮಾಡಿದ್ದ, ಭಟ್ರು ಮಷೀನು ತಿರುಗಿ ಕೊಡಾಕ ಹೊಂಟಾರಂತ," ಎಂದು ಶಿವಲಿಂಗಪ್ಪ ಮುಖ ಎತ್ತದೆ ಹೇಳಿದ. "ನನ್ನ ಸಲುವಾಗಿ ಅಂತ ನಂಗ ಗೊತ್ತಾತು. ಪ್ರತಿ ಸಲ ಬಂದು ಬಿಟ್ಟೀನಿ ಬಿಟ್ಟೀನಿ ಅಂದೆ, ನೀವು ಒಂದು ದಿನಾರ ಬೈದ್ರೇನು? ಚಾ ತರಿಸಿ ಸುಮ್ನ ಕುಂತ್ರಿ. ಬೈದಿದ್ರ ಜಗಳಾಡಿ ಆರಾಮ ಮಲಗ್ತಿದ್ದೆ. ಬೈಯದಿದ್ದರ ಮನಶ್ಯಾಗ ನಿದ್ದಿ ಹತ್ತೂದಿಲ್ರಿ. ಸಭಾನ ಇಲ್ಲಂದ್ರ ಮುಂದಿನ ತಿಂಗಳ ನಾ ಯಾರ ಮುಂದ ಹೋಗಿ ಹೇಳ್ಲಿ?"

ನಾಗಪತಿ ಬಟ್ಟೆಯ ಕಟ್ಟನ್ನು ಇನ್ನಷ್ಟು ಅಮುಕಿ ಹಿಡಿದ. ತಾನು ದೌರ್ಬಲ್ಯ ಎಂದುಕೊಂಡಿದ್ದು ಈ ಗಂಡಸಿನ ನಿದ್ದೆ ಕೆಡಿಸಿತ್ತು! ಟ್ಯೂಬು ಇಬ್ಬರ ಮಧ್ಯೆ ಇನ್ನೊಂದಿಷ್ಟು ಉಬ್ಬಿತು. "ಶಿವಲಿಂಗಪ್ಪ, ನಿನ್ನ ಸಲುವಾಗಿ ಅಲ್ಲ ಮಾರಾಯ. ನಿನ್ನೆ ನಾನು..." ಎಂದು ಅವನು ಶುರುಮಾಡಿದ. ಶಿವಲಿಂಗಪ್ಪ ಥಟ್ಟನೆ ತಲೆ ಎತ್ತಿ ಅವನ ಮುಖ ನೋಡಿದ. ಏನು ಕಂಡಿತೋ, ಎಲ್ಲವೂ ತಿಳಿದವನ ಹಾಗೆ, "ಏ ಏ ಏ, ಇಲ್ಲಿ ಹೇಳಬ್ಯಾಡ್ರಿ. ಬಿಟ್ಟಾವ ಸಭಾದಾಗ ಹೇಳಬೇಕಂತ ಐತಿ. ಇದೇನು ಸಭಾ ಅಲ್ಲ, ಕೆರಿಯಪ್ಪನೂ ಇಲ್ಲ. ಮುಂದಿನ ತಿಂಗಳ ಹೋಟ್ಲಿಗೆ ಬಂದು ಮೂರೂ ಮಂದಿ ಮುಂದ ಹೇಳ್ರಿ. ಅವತ್ತ ಚಾ ನಾ ತರಸ್ತೀನಿ," ಎಂದ. ಗದರಿಸಿಯೇ ಹೇಳಿದ. ಕಾಯ್ದೆ ತಿಳಿಯದವನಿಗೆ ತಿಳಿಸುವ ಹಾಗೆ.

ರಸ್ತೆಯಾಚೆ ಹಾರ್ನು ಬಡಿದುಕೊಂಡಿತು. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು, "ಹೋಯ್ ಸಿಲಿಂಡರು ಭಟ್ರೆ, ಬರ್ತೀರೋ ಇಲ್ವೋ?" ಎಂದು ಕೂಗಿದ. ನಾಗಪತಿ ಓಡಿದ. ಓಡಿ ಬಸ್ಸು ಹತ್ತಿ, ತೂಕಡಿಸುತ್ತಿದ್ದ ಹೆಂಗಸಿನ ಮಂಡಿಗೆ ತಾಗಿಸಿಕೊಂಡೇ ಪೆಟ್ಟಿಗೆ ಎಳೆದ, ಹಿಂದಿನ ಸೀಟಿನ ಕೆಳಗಿನಿಂದ ಸಿಲಿಂಡರು ಎಳೆದ. "ಟಿಕೇಟು ಹುಬ್ಬಳ್ಳಿ ತನಕ ಹರಿದಾಗಿದೆ, ದುಡ್ಡು ವಾಪಸು ಇಲ್ಲ," ಎಂದು ಕಂಡಕ್ಟರು ಹೇಳುತ್ತಿದ್ದ. "ಬೇಡ ಮಾರಾಯ್ರೆ, ನೀವು ರೂಲ್ಸ್ ಪ್ರಕಾರ ಹೋಗಿ!" ಎಂದು ನಾಗಪತಿ ಬಾಯ್ತುಂಬ ನಕ್ಕ. ಬಸ್ಸು ಧೂಳೆಬ್ಬಿಸಿ ಹೋಯಿತು. ಆ ಧೂಳಿನ ನಡುವಿನಿಂದ ಎರಡೂ ಕೈಯಲ್ಲಿ ಭಾರ ಹೊತ್ತು ಅವನು ಮತ್ತೆ ರಸ್ತೆ ದಾಟಿ, ಕಟ್ಟೆಯ ಮೇಲೆ ಯಂತ್ರ ಬಿಚ್ಚಿ, ಗಿರಿಜವ್ವನ ಪ್ಲಗ್ಗಿಗೆ ಸಿಕ್ಕಿಸಿ, ಟ್ಯೂಬಿನ ಮೂತಿಗೆ ಪೈಪು ಜೋಡಿಸಿದ. ಯಂತ್ರ ಗುರ್ ಎಂದಿತು. ಅರ್ಧ ಸೋರಿ ಹೋಗಿತ್ತೋ ಏನೋ, ಯಾರಿಗೆ ಗೊತ್ತು. ಉಳಿದದ್ದು ಮೆಲ್ಲಗೆ ಸಿಲಿಂಡರಿಗೆ ಇಳಿಯತೊಡಗಿತು. ಟ್ಯೂಬು ಸೊರಗುತ್ತ ಬಂತು. ಇಬ್ಬರೂ ಪಕ್ಕಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಅದನ್ನು ನೋಡಿದರು.

ಗಿರಿಜವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು. ಅವಳಿಗೆ ಈ ಸಿರ್ಸಿಯ ಮನುಷ್ಯ ಯಾರೆಂದು ಗೊತ್ತಿರಲಿಲ್ಲ, ಆದರೆ ಬಸ್ಸು ಬಿಟ್ಟುಕೊಟ್ಟು ತನ್ನ ಫ್ರಿಜ್ಜಿನ ಹಳೆಯ ಗ್ಯಾಸು ಹಿಡಿಯಲು ಕೂತದ್ದನ್ನು ಕಂಡು ಅವಳ ಸಿಟ್ಟು ಇಳಿದು ಕುತೂಹಲ ಉಳಿದಿತ್ತು. ಯಂತ್ರದ ಗುರ್‌ಗುರ್ ಮೀರಿ ಕೇಳುವಷ್ಟು ಗಟ್ಟಿಯಾಗಿ, "ಅಲ್ರೀ, ಹಿಂಗ ಗಾಳಿ ಹಿಡಿದು ಇಡಬೇಕಂತ ಯಾವ ಸರಕಾರದ ಕಾಯ್ದೆರಿ ಇದು? ದಿಲ್ಲಿದೋ ಬೆಂಗಳೂರದೋ?" ಎಂದು ಕೇಳಿದಳು. ನಾಗಪತಿ ಬಾಯಿ ತೆರೆದ. ಮಾಂಟ್ರಿಯಲ್, ದೇಶಗಳು, ನೀಲಿ ಕಲೆ ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಿವಲಿಂಗಪ್ಪ ಬೆವರಿದ ಮೀಸೆಯನ್ನು ತೋಳಿನಿಂದ ಒರೆಸಿಕೊಂಡು, ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟ.

"ಸರಕಾರದ್ದಲ್ಲಬೇ," ಎಂದ, "ನಮ್ದು."